ಬಾಯಿ ಬತ್ತುವ ಬೇನೆ: ವೈರಾಣುವಿನ ಪಾತ್ರವೆಷ್ಟು?

ಶಾಲೆಗೆ ಹೋಗುವ ಮಗುವಿನ ಕೆನ್ನೆ ಕಿವಿಯ ಬುಡದಿಂದ ದವಡೆಯವರೆಗೆ ಊದಿಕೊಂಡು ಜ್ವರವೂ ಬಂದರೆ, ವೈದ್ಯರ ಬಳಿಗೆ ಹೋಗುವ ಮೊದಲೇ ಮನೆಯ ಅಜ್ಜಿ ಹೇಳಿಬಿಡುತ್ತಾರೆ: ಮಂಗನಬಾವು. 2024ರ ಆರಂಭದ ತಿಂಗಳುಗಳಲ್ಲಿ ಕೇರಳದ ಶಾಲಾಮಕ್ಕಳಲ್ಲಿ ಅದು ವ್ಯಾಪಕವಾಗಿ ಹರಡಿದ್ದು ಗಡಿನಾಡಿನ ಅನೇಕ ಮನೆಗಳಿಗೆ ನೆನಪಿರಬಹುದು. ಊದಿಕೊಳ್ಳುವುದು ಕಿವಿಯ ಮುಂದಿರುವ ಪೆರೋಟಿಡ್ ಎಂಬ ಲಾಲಾಗ್ರಂಥಿ. ಕಾರಣ ಒಂದು ವೈರಾಣು. ವಾರ ಹತ್ತು ದಿನಗಳಲ್ಲಿ ಬಾವು ಇಳಿಯುತ್ತದೆ, ಮಗು ಮತ್ತೆ ಪಾಟಿಚೀಲ ಹೆಗಲಿಗೇರಿಸುತ್ತದೆ. ಸಾಮಾನ್ಯವಾಗಿ ಒಮ್ಮೆ ಬಂದವರಿಗೆ ಅದು ಮತ್ತೆ ಬರುವುದಿಲ್ಲ.

ಅದೇ ಗ್ರಂಥಿಗೆ ತಗಲುವ ಇನ್ನೊಂದು ಕಾಯಿಲೆಯಿದೆ. ಅದು ಸದ್ದಿಲ್ಲದೆ ಬರುತ್ತದೆ ಮತ್ತು ಹೋಗುವುದಿಲ್ಲ. ನಲವತ್ತೈದರ ಆಸುಪಾಸಿನ ಗೃಹಿಣಿಯೊಬ್ಬರಿಗೆ ಪಕ್ಕದಲ್ಲಿ ನೀರಿನ ಲೋಟವಿಲ್ಲದೆ ತುತ್ತು ಇಳಿಯದು. ಅವಲಕ್ಕಿಯಾಗಲಿ, ಬಿಸ್ಕತ್ತಾಗಲಿ, ಜೋಳದ ರೊಟ್ಟಿಯಾಗಲಿ ಒಣಗಿದ್ದೆಲ್ಲ ಗಂಟಲಿಗೆ ಅಂಟಿಕೊಳ್ಳುತ್ತದೆ. ರಾತ್ರಿ ಎರಡು ಮೂರು ಬಾರಿ ಎದ್ದು ಬಾಯಿ ತೋಯಿಸಿಕೊಳ್ಳಬೇಕು. ಕಣ್ಣಿನಲ್ಲಿ ಸದಾ ಮರಳು ಬಿದ್ದಂತೆ ಚುಚ್ಚು. ಹಲ್ಲುಗಳು ಒಸಡಿನ ಅಂಚಿನಲ್ಲಿ ಒಂದಾದ ಮೇಲೊಂದರಂತೆ ಹುಳುಕಾಗುತ್ತವೆ. ಬೆಳಗ್ಗೆ ಕೈಬೆರಳಿನ ಗಂಟುಗಳು ನೋಯುತ್ತವೆ. ಇಷ್ಟಾದರೂ ಅವರಿಗೆ ಸಿಗುವ ಉತ್ತರ ಒಂದೇ: ಮೈ ಉಷ್ಣವಾಗಿದೆ, ಎಳನೀರು ಕುಡಿಯಬೇಕು, ಇಲ್ಲವೇ, ಮುಟ್ಟು ನಿಲ್ಲುವ ವಯಸ್ಸು, ಹೀಗೆಲ್ಲ ಆಗುತ್ತದೆ. ಹಲ್ಲಿಗೆ ಒಬ್ಬ ವೈದ್ಯರು, ಕಣ್ಣಿಗೆ ಇನ್ನೊಬ್ಬರು, ಗಂಟುನೋವಿಗೆ ಮತ್ತೊಬ್ಬರು. ಈ ಮೂರನ್ನೂ ಒಂದೇ ದಾರದಲ್ಲಿ ಪೋಣಿಸಿ ನೋಡುವವರು ಸಿಗುವಷ್ಟರಲ್ಲಿ ವರ್ಷಗಳು ಕಳೆದಿರುತ್ತವೆ.

ಈ ಕಾಯಿಲೆಯ ಹೆಸರು ಶೋಗ್ರೆನ್ ಕಾಯಿಲೆ. ಹೊರಗಿನಿಂದ ಬಂದ ರೋಗಾಣುವನ್ನು ಹೊಡೆಯಬೇಕಾದ ರೋಗನಿರೋಧಕ ವ್ಯವಸ್ಥೆ, ಜೊಲ್ಲು ಮತ್ತು ಕಣ್ಣೀರು ಸುರಿಸುವ ತನ್ನದೇ ಗ್ರಂಥಿಗಳ ಮೇಲೆ ತಿರುಗಿ ಬೀಳುತ್ತದೆ. ಬೇಲಿಯೇ ಎದ್ದು ಹೊಲ ಮೇಯುವುದು ಎನ್ನುತ್ತಾರಲ್ಲ, ಅದೇ. ಇಂಥ ಕಾಯಿಲೆಗಳಿಗೆ ವೈದ್ಯರು ಆಟೋಇಮ್ಯೂನ್ ಎನ್ನುತ್ತಾರೆ. ಕನ್ನಡದಲ್ಲಿ ಸ್ವಯಂ ನಿರೋಧಕ ಕಾಯಿಲೆ ಎಂಬ ಮಾತು ಬಳಕೆಗೆ ಬಂದಿದೆ. ಪೀಡಿತರಲ್ಲಿ ಹತ್ತರಲ್ಲಿ ಒಂಬತ್ತು ಮಂದಿ ಮಹಿಳೆಯರು. ಗುರುತಿಸಲ್ಪಡುವುದು ಹೆಚ್ಚಾಗಿ 40ರಿಂದ 60ರ ನಡುವಿನ ವಯಸ್ಸಿನಲ್ಲಿ.

ಜೊಲ್ಲನ್ನು ನಾವು ಗೌರವದಿಂದ ಕಾಣುವುದಿಲ್ಲ. ಎಂಜಲು ಎಂದರೆ ಮೈಲಿಗೆಯೆಂಬ ಭಾವ ನಮ್ಮ ಮನೆಗಳಲ್ಲಿ ಆಳವಾಗಿದೆ. ಆದರೆ ಆರೋಗ್ಯವಂತ ಮನುಷ್ಯನ ಬಾಯಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರಿನಷ್ಟು ಲಾಲಾರಸ ಹುಟ್ಟುತ್ತದೆ. ಅದು ಆಹಾರವನ್ನು ನೆನೆಸುತ್ತದೆ, ರುಚಿಯನ್ನು ನಾಲಗೆಗೆ ಮುಟ್ಟಿಸುತ್ತದೆ, ಹಲ್ಲಿನ ಮೇಲಿನ ಆಮ್ಲವನ್ನು ತೊಳೆಯುತ್ತದೆ, ಬಾಯಿಯ ಬೂಷ್ಟನ್ನು ಹದ್ದಿನಲ್ಲಿಡುತ್ತದೆ. ಏನನ್ನೂ ಜಗಿಯದೆ ಸುಮ್ಮನೆ ಕುಳಿತಾಗ ಹದಿನೈದು ನಿಮಿಷಗಳಲ್ಲಿ ಒಂದೂವರೆ ಮಿಲಿಲೀಟರಿಗಿಂತ ಹೆಚ್ಚು ಜೊಲ್ಲು ಕೂಡದಿದ್ದರೆ ಅದು ರೋಗಲಕ್ಷಣವೆಂದು ವೈದ್ಯರು ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ. ಬತ್ತಿದ ಬಾಯಿ ಎಷ್ಟು ದೊಡ್ಡ ಕಷ್ಟವೆಂಬುದು ಅದನ್ನು ಅನುಭವಿಸಿದವರಿಗೇ ಗೊತ್ತು.

ಹೀಗೇಕೆ ಆಗುತ್ತದೆ? ದೇಹದ ಕಾವಲುಗಾರ ಒಂದು ದಿನ ಮನೆಯವರನ್ನೇ ಕಳ್ಳರೆಂದು ತಿಳಿಯಲು ಕಾರಣವೇನು? ಮಂಗನಬಾವಿನಂತೆ ಇಲ್ಲಿಯೂ ಒಂದು ವೈರಾಣುವಿನ ಕೈವಾಡವಿದೆಯೇ? ವಿಜ್ಞಾನಿಗಳು ನಾಲ್ಕು ದಶಕಗಳಿಂದ ಬೆನ್ನು ಹತ್ತಿರುವ ಪ್ರಶ್ನೆಯಿದು.

ಎರಡೂ ಕಾಯಿಲೆಗಳ ಕಥೆಯಲ್ಲಿ ಒಂದು ಸ್ವಾರಸ್ಯಕರ ಹೊಂದಾಣಿಕೆಯಿದೆ. 1933ರಲ್ಲಿ ಸ್ವೀಡನ್ನಿನ ಕಣ್ಣಿನ ವೈದ್ಯ ಹೆನ್ರಿಕ್ ಶೋಗ್ರೆನ್ ತಮ್ಮ ಮಹಾಪ್ರಬಂಧವನ್ನು ಮಂಡಿಸಿದರು. ಕಣ್ಣು ಒಣಗಿದ 19 ಮಹಿಳೆಯರನ್ನು ಅವರು ಪರೀಕ್ಷಿಸಿದ್ದರು. ಅವರಲ್ಲಿ 13 ಮಂದಿಗೆ ಸಂಧಿವಾತವೂ ಇತ್ತು. ಕಣ್ಣಿನ ವೈದ್ಯರೊಬ್ಬರು ಬಾಯಿಯನ್ನೂ ಗಂಟುಗಳನ್ನೂ ನೋಡಿ, ಇದು ಬರೀ ಕಣ್ಣಿನ ದೋಷವಲ್ಲ, ಇಡೀ ಶರೀರದ ಕಾಯಿಲೆ ಎಂದದ್ದು ಆ ಕಾಲಕ್ಕೆ ದೊಡ್ಡ ಮಾತು. ಆದರೆ ಪರೀಕ್ಷಕರಿಗೆ ಪ್ರಬಂಧ ಅಷ್ಟಾಗಿ ಹಿಡಿಸಲಿಲ್ಲ. ವಿಶ್ವವಿದ್ಯಾಲಯದಲ್ಲಿ ಬೋಧಕನಾಗುವ ಅರ್ಹತೆಯನ್ನು ಅದು ಅವರಿಗೆ ತಂದುಕೊಡಲಿಲ್ಲ. ಜರ್ಮನ್ ಭಾಷೆಯಲ್ಲಿದ್ದ ಅದನ್ನು ಆಸ್ಟ್ರೇಲಿಯಾದ ವೈದ್ಯ ಬ್ರೂಸ್ ಹ್ಯಾಮಿಲ್ಟನ್ 1943ರಲ್ಲಿ ಇಂಗ್ಲಿಷಿಗೆ ಅನುವಾದಿಸಿದ ಮೇಲಷ್ಟೇ ಶೋಗ್ರೆನ್ ಹೆಸರು ಲೋಕಕ್ಕೆ ತಿಳಿಯಿತು. ಒಂದು ಭಾಷೆಯಿಂದ ಇನ್ನೊಂದಕ್ಕೆ ದಾಟದಿದ್ದರೆ ಅರಿವು ಎಷ್ಟು ಕಾಲ ಮೂಲೆ ಹಿಡಿದಿರಬಲ್ಲದು ಎಂಬುದನ್ನು ಗಡಿನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಮಹಾಪ್ರಬಂಧದ ಮರುವರ್ಷವೇ, 1934ರಲ್ಲಿ, ಅಮೆರಿಕದ ಜಾನ್ಸನ್ ಮತ್ತು ಗುಡ್‌ಪಾಶ್ಚರ್ ಎಂಬ ಇಬ್ಬರು ವಿಜ್ಞಾನಿಗಳು ಮಂಗನಬಾವಿನ ಒಗಟನ್ನು ಬಿಡಿಸಿದರು. ರೋಗಿಗಳ ಜೊಲ್ಲನ್ನು ಬ್ಯಾಕ್ಟೀರಿಯಾಗಳು ದಾಟಲಾರದ ಸೋಸುಕದಲ್ಲಿ ಸೋಸಿ ಮಂಗಗಳ ಪೆರೋಟಿಡ್ ಗ್ರಂಥಿಗೆ ಸೇರಿಸಿದಾಗ ಅವುಗಳಿಗೂ ಬಾವು ಬಂತು. ಕಾರಣ ಬ್ಯಾಕ್ಟೀರಿಯಾಕ್ಕಿಂತ ಸಣ್ಣದಾದ ವೈರಾಣು ಎಂಬುದು ಖಚಿತವಾಯಿತು. ಒಂದು ರೋಗ, ಒಂದು ರೋಗಾಣು, ಒಂದು ನೇರ ಪುರಾವೆ. ಶೋಗ್ರೆನ್ ಕಾಯಿಲೆಗೆ ಇಂಥ ಪುರಾವೆ ಇಂದಿಗೂ ಸಿಕ್ಕಿಲ್ಲ. ಸಿಕ್ಕಿರುವುದೆಲ್ಲ ಹೆಜ್ಜೆಗುರುತುಗಳು.

ಅವುಗಳಲ್ಲಿ ಹೆಚ್ಚಿನವು ಒಂದೇ ಕಡೆಗೆ, ಎಪ್‌ಸ್ಟೀನ್–ಬಾರ್ ವೈರಾಣುವಿನ ಕಡೆಗೆ, ಹೋಗುತ್ತವೆ. ಆಫ್ರಿಕಾದ ಮಕ್ಕಳ ದವಡೆಯಲ್ಲಿ ಕಾಣಿಸಿಕೊಳ್ಳುತ್ತಿದ್ದ ಬರ್ಕಿಟ್ ಅರ್ಬುದದ ಕೋಶಗಳಲ್ಲಿ ಆಂಥನಿ ಎಪ್‌ಸ್ಟೀನ್, ಬರ್ಟ್ ಅಚೊಂಗ್ ಮತ್ತು ಇವಾನ್ ಬಾರ್ 1964ರಲ್ಲಿ ಅದನ್ನು ಕಂಡರು. ಅದು ಅಪರೂಪದ ವೈರಾಣುವಲ್ಲ. ಜಗತ್ತಿನ ವಯಸ್ಕರಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಮಂದಿಯ ಒಡಲಲ್ಲಿ ಅದಿದೆ. ನಮ್ಮಂಥ ದೇಶಗಳಲ್ಲಿ ಬಾಲ್ಯದಲ್ಲೇ, ಹೆಚ್ಚಿನ ಬಾರಿ ಯಾರಿಗೂ ತಿಳಿಯದಂತೆ, ಜೊಲ್ಲಿನ ಮೂಲಕ ಅದು ಒಳಗೆ ಸೇರುತ್ತದೆ. ಮೊದಲ ಸೋಂಕು ಹದಿಹರೆಯದವರೆಗೆ ಮುಂದೂಡಲ್ಪಟ್ಟರೆ ಗಂಟಲುನೋವು, ಜ್ವರ, ಕುತ್ತಿಗೆಯಲ್ಲಿ ಗಡ್ಡೆಯಾಗಿ ಕೆಲವು ವಾರ ಕಾಡುವುದುಂಟು. ಒಮ್ಮೆ ಬಂದ ಈ ಅತಿಥಿ ಜೀವಮಾನವಿಡೀ ಹೋಗುವುದಿಲ್ಲ. ಪ್ರತಿಕಾಯಗಳನ್ನು ತಯಾರಿಸುವ ಬಿ-ಕೋಶಗಳೆಂಬ ಬಿಳಿ ರಕ್ತಕಣಗಳಲ್ಲಿ ಅಡಗಿ ಕುಳಿತಿದ್ದು, ಆಗಾಗ ಎಚ್ಚತ್ತು ಮತ್ತೆ ಜೊಲ್ಲಿನಲ್ಲಿ ಇಳಿದುಬರುತ್ತದೆ.

ಅಂದರೆ ಶೋಗ್ರೆನ್ ಕಾಯಿಲೆ ಹಾಳುಗೆಡವುವ ಅಂಗವೂ ಈ ವೈರಾಣುವಿನ ಓಡಾಟದ ದಾರಿಯೂ ಒಂದೇ. ಹೆಚ್ಚು ಸಕ್ರಿಯವಾಗಿ ತಪ್ಪು ಪ್ರತಿಕಾಯಗಳನ್ನು ಸುರಿಸುವ ಬಿ-ಕೋಶಗಳೂ ಈ ವೈರಾಣುವಿನ ಬೀಡೂ ಒಂದೇ. ಅನುಮಾನ ಹುಟ್ಟಲು ಇಷ್ಟು ಸಾಕಾಗಿತ್ತು. 1981ರಲ್ಲಿ ಇನ್ನೊಂದು ಸುಳಿವು ಸಿಕ್ಕಿತು. ಶೋಗ್ರೆನ್ ರೋಗಿಗಳ ರಕ್ತದಲ್ಲಿ ಎರಡು ಬಗೆಯ ಪ್ರತಿಕಾಯಗಳು ವಿಶೇಷವಾಗಿ ಕಾಣಿಸುತ್ತವೆ. ಅವುಗಳ ಗುರಿಗಳಾದ ಕೋಶದೊಳಗಿನ ಪ್ರೋಟೀನುಗಳಿಗೆ ಮೊದಲ ರೋಗಿಗಳ ಹೆಸರಿನ ಅಕ್ಷರಗಳಿಂದಲೇ ರೋ ಮತ್ತು ಲಾ ಎಂದು ಹೆಸರು ಬಂದಿದೆ. ಎಪ್‌ಸ್ಟೀನ್–ಬಾರ್ ವೈರಾಣು ತಾನು ಹೊಕ್ಕ ಕೋಶದಲ್ಲಿ ತಯಾರಿಸುವ ಎರಡು ಪುಟ್ಟ ಆರ್‌ಎನ್‌ಎ ತುಣುಕುಗಳು ಇದೇ ಲಾ ಪ್ರೋಟೀನಿಗೆ ಅಂಟಿಕೊಳ್ಳುತ್ತವೆ ಎಂದು ಅಮೆರಿಕದ ಜೋನ್ ಸ್ಟೈಟ್ಜ್ ಮತ್ತು ಸಂಗಡಿಗರು ತೋರಿಸಿದರು. ಪರಕೀಯನೊಬ್ಬ ಮನೆಯವನ ಕೈಹಿಡಿದು ನಿಂತಿದ್ದಾನೆ. ಕಾವಲುಗಾರನಿಗೆ ಇಬ್ಬರೂ ಕಳ್ಳರಾಗಿ ಕಂಡರೆ ಆಶ್ಚರ್ಯವೇನು? 1986ರಲ್ಲಿ ರೋಗಿಗಳ ಲಾಲಾಗ್ರಂಥಿಯ ತುಣುಕುಗಳಲ್ಲೇ ಈ ವೈರಾಣುವಿನ ಡಿಎನ್‌ಎ ಮತ್ತು ಪ್ರೋಟೀನುಗಳು ಕಂಡುಬಂದವು. 2014ರ ಇನ್ನೊಂದು ಅಧ್ಯಯನ ಮತ್ತಷ್ಟು ಸೂಕ್ಷ್ಮಕ್ಕೆ ಇಳಿಯಿತು: ರೋಗಿಗಳ ಗ್ರಂಥಿಯೊಳಗೆ ಬಿಳಿ ರಕ್ತಕಣಗಳು ಗುಂಪುಗೂಡಿ ಕಟ್ಟಿಕೊಂಡ ಗೂಡುಗಳಲ್ಲಿ ವೈರಾಣು ಸಕ್ರಿಯವಾಗಿತ್ತು, ರೋ ಪ್ರೋಟೀನಿನ ವಿರುದ್ಧ ಪ್ರತಿಕಾಯ ತಯಾರಿಸುತ್ತಿದ್ದ ಕೋಶಗಳಲ್ಲೂ ಅದಿತ್ತು.

ಇಷ್ಟೆಲ್ಲ ಇದ್ದ ಮೇಲೆ ಇದೇ ಅಪರಾಧಿ ಎಂದು ತೀರ್ಪು ಕೊಡಬಾರದೇಕೆ? ಇಲ್ಲಿಯೇ ಎಚ್ಚರ ಬೇಕು. ಕೊಳೆತ ಹಣ್ಣಿನ ಮೇಲೆ ನೊಣ ಕುಳಿತಿದೆಯೆಂದ ಮಾತ್ರಕ್ಕೆ ನೊಣವೇ ಹಣ್ಣನ್ನು ಕೊಳೆಸಿತು ಎನ್ನಲಾಗದು. ಉರಿಯೂತವಿರುವ ಗ್ರಂಥಿಗೆ ಬಿ-ಕೋಶಗಳು ಗುಂಪಾಗಿ ಬರುತ್ತವೆ. ಬಿ-ಕೋಶಗಳ ಒಡಲಲ್ಲಿ ವೈರಾಣು ಮೊದಲೇ ಇದೆ. ಹಾಗಾದರೆ ಅದು ಅಲ್ಲಿ ಸಿಗುವುದು ಸಹಜ. ಕಾರಣವೋ ಪರಿಣಾಮವೋ ಎಂಬುದು ಗ್ರಂಥಿಯ ತುಣುಕನ್ನು ಎಷ್ಟು ಸೂಕ್ಷ್ಮವಾಗಿ ನೋಡಿದರೂ ತಿಳಿಯುವುದಿಲ್ಲ. ಮೇಲಾಗಿ, ಹತ್ತರಲ್ಲಿ ಒಂಬತ್ತು ಮಂದಿಗೆ ಇರುವ ವೈರಾಣು ಬೆರಳೆಣಿಕೆಯ ಕೆಲವರಿಗೆ ಮಾತ್ರ ಏಕೆ ಮುಳುವಾಗಬೇಕು? ಅಡಕೆ ತೋಟದವರಿಗೆ ಇದು ಹೊಸ ಬಗೆಯ ಪ್ರಶ್ನೆಯಲ್ಲ. ಕೊಳೆರೋಗದ ಬೀಜ ತೋಟದಲ್ಲಿ ಎಂದೂ ಇರುತ್ತದೆ. ಆದರೆ ಬಿಡದೆ ಸುರಿವ ಮಳೆಯೂ ತೇವ ಹಿಡಿದ ಗೊನೆಯೂ ಕೂಡಿದಾಗಲೇ ಅದು ಕಾಯಿ ಉದುರಿಸುವುದು. ಮನುಷ್ಯರಲ್ಲಿ ಆ ಮಳೆ ಯಾವುದು, ಆ ತೇವ ಯಾವುದು ಎಂಬ ಹುಡುಕಾಟವೇ ಈ ಸಂಶೋಧನೆ. ಕೆಲವು ವಂಶವಾಹಿಗಳ ಪಾಲು ಖಚಿತವಾಗಿದೆ. ಹೆಣ್ಣಿನ ಶರೀರವೇ ಏಕೆ ಹೆಚ್ಚಾಗಿ ಗುರಿಯಾಗುತ್ತದೆ ಎಂಬುದಕ್ಕೆ ಪೂರ್ಣ ಉತ್ತರವಿಲ್ಲ.

ಕಾಲವೂ ಪುರಾವೆಯನ್ನು ಅಳಿಸಿಹಾಕುತ್ತದೆ. ಸ್ವೀಡನ್ನಿನಲ್ಲಿ ಜೋಪಾನವಾಗಿ ಇರಿಸಿದ್ದ ಹಳೆಯ ರಕ್ತದ ಮಾದರಿಗಳನ್ನು ತೆಗೆದು ನೋಡಿದಾಗ, ಕಾಯಿಲೆ ಗುರುತಾಗುವುದಕ್ಕೆ ಹದಿನೆಂಟು ಇಪ್ಪತ್ತು ವರ್ಷ ಮೊದಲೇ ಕೆಲವರ ರಕ್ತದಲ್ಲಿ ಆ ತಪ್ಪು ಪ್ರತಿಕಾಯಗಳಿದ್ದುದು ತಿಳಿಯಿತು. ಐವತ್ತರಲ್ಲಿ ಬಾಯಿ ಬತ್ತಿದವರ ಶರೀರದಲ್ಲಿ ಕಿಡಿ ಹೊತ್ತಿದ್ದು ಮೂವತ್ತರಲ್ಲೋ ಅದಕ್ಕೂ ಮೊದಲೋ. ಅಂದು ಬಂದುಹೋದ ಜ್ವರ ಯಾರಿಗೆ ನೆನಪಿದ್ದೀತು?

ಬೇರೆ ವೈರಾಣುಗಳ ಕಥೆ ಸ್ವಲ್ಪ ಭಿನ್ನ. 1989ರಲ್ಲಿ ಪತ್ತೆಯಾದ ಹೆಪಟೈಟಿಸ್ ಸಿ ಯಕೃತ್ತಿನ ವೈರಾಣು. ಮೂರೇ ವರ್ಷಗಳಲ್ಲಿ, 1992ರಲ್ಲಿ, ಫ್ರಾನ್ಸಿನ ವೈದ್ಯರು ಅದರ ಸೋಂಕಿರುವ ಅನೇಕರ ಲಾಲಾಗ್ರಂಥಿಯಲ್ಲಿ ಶೋಗ್ರೆನ್‌ನಂಥದೇ ಉರಿಯೂತವನ್ನು ಕಂಡರು. ಬಾಯಿ ಒಣಗುವುದೂ ಅದೇ, ಸೂಕ್ಷ್ಮದರ್ಶಕದಲ್ಲಿ ಕಾಣುವ ಚಿತ್ರವೂ ಹೆಚ್ಚುಕಡಿಮೆ ಅದೇ. ಎಚ್‌ಐವಿ ಸೋಂಕಿನಲ್ಲೂ ಕೆಲವರ ಪೆರೋಟಿಡ್ ಗ್ರಂಥಿಗಳು ಊದಿಕೊಂಡು ಬಾಯಿ ಒಣಗುತ್ತದೆ. ಜಪಾನಿನ ನೈಋತ್ಯ ಭಾಗದಲ್ಲಿ ವ್ಯಾಪಕವಾಗಿರುವ ಎಚ್‌ಟಿಎಲ್‌ವಿ-1 ಎಂಬ ಇನ್ನೊಂದು ವೈರಾಣು ಅಲ್ಲಿಯ ಶೋಗ್ರೆನ್ ರೋಗಿಗಳಲ್ಲಿ ಉಳಿದವರಿಗಿಂತ ಹೆಚ್ಚಾಗಿ ಕಂಡುಬಂತು. ಆ ವೈರಾಣುವಿನ ಒಂದೇ ವಂಶವಾಹಿಯನ್ನು ಇಲಿಗಳಿಗೆ ಸೇರಿಸಿದಾಗ ಅವುಗಳ ಲಾಲಾಗ್ರಂಥಿಗಳೂ ಕೆಟ್ಟವು. ವೈರಾಣುವೊಂದು ಲಾಲಾಗ್ರಂಥಿಯಲ್ಲಿ ಇಂಥ ಕೇಡನ್ನು ಹುಟ್ಟಿಸಬಲ್ಲದು ಎಂಬುದಕ್ಕೆ ಇವು ಸಾಕ್ಷಿ. ಆದರೆ ವೈದ್ಯಕೀಯ ನಿಯಮಗಳು ಇವುಗಳ ವಿಚಾರದಲ್ಲಿ ಒಂದು ಗೆರೆ ಎಳೆದಿವೆ: ಸಕ್ರಿಯ ಹೆಪಟೈಟಿಸ್ ಸಿ ಅಥವಾ ಏಡ್ಸ್ ಇದ್ದರೆ ಅದನ್ನು ಶೋಗ್ರೆನ್ ಎಂದು ಎಣಿಸುವುದಿಲ್ಲ. ವೈರಾಣು ಸಿಕ್ಕೊಡನೆ ಹೆಸರು ಬದಲಾಗುತ್ತದೆ. ಕಾರಣ ಸಿಗದೆ ಉಳಿದದ್ದು ಮಾತ್ರ ಶೋಗ್ರೆನ್. ಈ ಗೆರೆ ಸುಮ್ಮನೆ ಎಳೆದದ್ದಲ್ಲ. ಹೆಪಟೈಟಿಸ್ ಸಿ ಇಂದು ಸಾಮಾನ್ಯವಾಗಿ ಕೆಲವೇ ತಿಂಗಳ ಮಾತ್ರೆಗಳಿಂದ ವಾಸಿಯಾಗುತ್ತದೆ. ಬಾಯಿ ಒಣಗುವ ರೋಗಿಯ ರಕ್ತದಲ್ಲಿ ಅದನ್ನು ಹುಡುಕದೆ ಬಿಡುವುದು ವಾಸಿಮಾಡಬಹುದಾದ ರೋಗವನ್ನು ಕೈಬಿಟ್ಟಂತೆ.

ಎಲ್ಲ ಸುಳಿವುಗಳೂ ಗಟ್ಟಿಯಾಗಿ ನಿಲ್ಲಲಿಲ್ಲ ಎಂಬುದನ್ನೂ ಹೇಳಬೇಕು. 2004ರಲ್ಲಿ ಗ್ರೀಸಿನ ಸಂಶೋಧಕರು ಕಾಕ್ಸಾಕಿ ಎಂಬ ವೈರಾಣುವಿನ ಗುರುತುಗಳನ್ನು ರೋಗಿಗಳ ಗ್ರಂಥಿಗಳಲ್ಲಿ ಕಂಡೆವೆಂದರು. ಎರಡು ವರ್ಷಗಳ ಬಳಿಕ ಫ್ರಾನ್ಸಿನಲ್ಲಿ ಹುಡುಕಿದವರಿಗೆ ಅದು ಸಿಗಲಿಲ್ಲ. ಕೊರೊನಾ ವೈರಾಣು ಲಾಲಾಗ್ರಂಥಿಯ ಕೋಶಗಳನ್ನು ಹೊಗುತ್ತದೆಂದು 2021ರಲ್ಲಿ ಖಚಿತವಾಗಿದೆ. ಅದರ ದೂರದ ಪರಿಣಾಮವನ್ನು ಅಳೆಯಲು ಇನ್ನೂ ವರ್ಷಗಳು ಬೇಕು.

ವೈರಾಣು ಕಾಣದಿದ್ದರೂ ಅದರ ನೆರಳು ಕಾಣುತ್ತದೆ. ವೈರಾಣು ನುಗ್ಗಿದಾಗ ಕೋಶಗಳು ಇಂಟರ್‌ಫೆರಾನ್ ಎಂಬ ರಾಸಾಯನಿಕವನ್ನು ಹೊರಬಿಟ್ಟು ನೆರೆಹೊರೆಯನ್ನು ಎಚ್ಚರಿಸುತ್ತವೆ. ಸೋಂಕು ಮುಗಿದ ಮೇಲೆ ಈ ಗಂಟೆ ನಿಲ್ಲಬೇಕು. ಅನೇಕ ಶೋಗ್ರೆನ್ ರೋಗಿಗಳ ಗ್ರಂಥಿಯಲ್ಲೂ ರಕ್ತದಲ್ಲೂ ಅದು ನಿಲ್ಲದೆ ಬಾರಿಸುತ್ತಲೇ ಇರುತ್ತದೆ. ರೋಗಕ್ಕೆ ಒಲಿಯುವ ವಂಶವಾಹಿಗಳಲ್ಲಿ ಕೆಲವು ಈ ಗಂಟೆಯ ಹಗ್ಗ ಹಿಡಿದವುಗಳೇ. ರೋ ಪ್ರೋಟೀನುಗಳಲ್ಲಿ ಒಂದು, ಕೋಶದೊಳಗೆ ನುಸುಳಿದ ವೈರಾಣುಗಳನ್ನು ಹಿಡಿದುಕೊಡುವ ಕೆಲಸವನ್ನೇ ಮಾಡುತ್ತದೆಂದು 2010ರಲ್ಲಿ ತಿಳಿದುಬಂತು. ಸುತ್ತಿ ಸುತ್ತಿ ದಾರಿಗಳೆಲ್ಲ ವೈರಾಣುವಿನ ಮನೆಬಾಗಿಲಿಗೇ ಬರುತ್ತವೆ. ಬಾಗಿಲು ಮಾತ್ರ ಇನ್ನೂ ತೆರೆದಿಲ್ಲ.

ತೆರೆಯುವುದು ಅಸಾಧ್ಯವೇನಲ್ಲ ಎಂಬುದಕ್ಕೆ ಒಂದು ಉದಾಹರಣೆಯಿದೆ. ನರಗಳ ಹೊದಿಕೆಯನ್ನು ಕೆಡಿಸುವ ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬುದೂ ಸ್ವಯಂ ನಿರೋಧಕ ಕಾಯಿಲೆಯೇ. ಅಮೆರಿಕದ ಸೇನೆಯಲ್ಲಿ ಕೆಲಸಮಾಡಿದ ಒಂದು ಕೋಟಿಗೂ ಹೆಚ್ಚು ಮಂದಿಯ ದಾಖಲೆಗಳನ್ನೂ ಸಂಗ್ರಹಿಸಿಟ್ಟ ರಕ್ತದ ಮಾದರಿಗಳನ್ನೂ ಆಧರಿಸಿ 2022ರಲ್ಲಿ ಪ್ರಕಟವಾದ ಅಧ್ಯಯನವು, ಎಪ್‌ಸ್ಟೀನ್–ಬಾರ್ ಸೋಂಕು ತಗಲಿದ ಬಳಿಕ ಆ ಕಾಯಿಲೆಯ ಸಂಭವ 32 ಪಟ್ಟು ಏರುತ್ತದೆಂದು ತೋರಿಸಿತು. ಮೊದಲು ಸೋಂಕು, ಆಮೇಲೆ ಕಾಯಿಲೆ ಎಂಬ ಕ್ರಮ ಅಲ್ಲಿ ಸ್ಪಷ್ಟವಾಯಿತು. ಶೋಗ್ರೆನ್‌ಗೆ ಬೇಕಾಗಿರುವುದು ಇಂಥ ಸಾಕ್ಷ್ಯ.

ವೈರಾಣು ಎಂದೊಡನೆ ಮನೆಗಳಲ್ಲಿ ಏಳುವ ಭಯ ಬೇರೆಯದು: ಇದು ಅಂಟುವುದೇ? ಅಮ್ಮನ ತಟ್ಟೆ, ಲೋಟ ಬೇರೆ ಇಡಬೇಕೇ? ಬೇಡ. ಶೋಗ್ರೆನ್ ಕಾಯಿಲೆ ಒಬ್ಬರಿಂದ ಒಬ್ಬರಿಗೆ ಅಂಟುವುದಿಲ್ಲ. ಎಪ್‌ಸ್ಟೀನ್–ಬಾರ್ ವೈರಾಣು ಜೊಲ್ಲಿನಿಂದ ಹರಡುವುದು ನಿಜವಾದರೂ ಮನೆಯ ಹೆಚ್ಚಿನವರಲ್ಲಿ ಅದು ಈಗಾಗಲೇ ಇರುತ್ತದೆ, ಮತ್ತು ಅವರಲ್ಲಿ ಬಹುತೇಕ ಎಲ್ಲರೂ ಅದರೊಡನೆ ನೆಮ್ಮದಿಯಾಗಿ ಬಾಳುತ್ತಾರೆ. ಬಾಯಿ ಬತ್ತಿ ಬಳಲುವ ತಾಯಿಯನ್ನು ತಟ್ಟೆಯ ಮೂಲಕ ದೂರವಿಡುವುದಕ್ಕೆ ವಿಜ್ಞಾನದಲ್ಲಿ ಯಾವ ಆಧಾರವೂ ಇಲ್ಲ. ಅಂತೆಯೇ, ವೈರಾಣುನಾಶಕ ಔಷಧಗಳಿಂದ ಈ ಕಾಯಿಲೆ ಗುಣವಾಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಮಕ್ಕಳಲ್ಲಿ ಶೋಗ್ರೆನ್ ಅಪರೂಪ. ಆದರೆ ಬಂದಾಗ ಅದರ ಮುಖ ಬೇರೆ. ಬಾಯಿ ಒಣಗುವ ದೂರು ಹೆಚ್ಚಾಗಿರುವುದಿಲ್ಲ. ಕೆನ್ನೆಯ ಬಾವು ಮತ್ತೆ ಮತ್ತೆ ಬರುತ್ತದೆ. ಮಂಗನಬಾವು ಒಮ್ಮೆ ಬಂದುಹೋಗುವ ಕಾಯಿಲೆ. ಆದ್ದರಿಂದ ಮಗುವಿಗೆ ಎರಡನೆಯ, ಮೂರನೆಯ ಬಾರಿ ಮಂಗನಬಾವು ಬಂತು ಎನ್ನುವ ಮನೆಗಳು ಲೇಪ ಹಚ್ಚಿ ಕಾಯದೆ ವೈದ್ಯರಿಗೆ ತೋರಿಸುವುದು ಒಳ್ಳೆಯದು. ಅಂಥ ಮಕ್ಕಳಲ್ಲಿ ಹೆಚ್ಚಿನವರದು ಹದಿಹರೆಯದಲ್ಲಿ ತಾನೇ ನಿಂತುಹೋಗುವ ಸಾಧು ಬಾವು. ಕೆಲವರಿಗೆ ಮಾತ್ರ ರಕ್ತಪರೀಕ್ಷೆ ಬೇಕಾಗುತ್ತದೆ. ಅಂದಹಾಗೆ, ಸರಕಾರದ ಸಾರ್ವತ್ರಿಕ ಲಸಿಕಾ ಕಾರ್ಯಕ್ರಮದಲ್ಲಿ ಈಗ ಕೊಡುವ ಎಂಆರ್ ಲಸಿಕೆ ದಡಾರ ಮತ್ತು ರುಬೆಲ್ಲಾಗಳಿಗೆ ಮಾತ್ರ. ಮಂಗನಬಾವಿನಿಂದ ರಕ್ಷಣೆ ಕೊಡುವ ಎಂಎಂಆರ್ ಬೇರೆ.

ದೊಡ್ಡವರಲ್ಲಿ ಬಾಯಿ ಒಣಗಿದ್ದೆಲ್ಲ ಶೋಗ್ರೆನ್ ಅಲ್ಲ. ಸಕ್ಕರೆ ಕಾಯಿಲೆ, ನೆಗಡಿ ಅಲರ್ಜಿಯ ಮಾತ್ರೆಗಳು, ಖಿನ್ನತೆಯ ಔಷಧಗಳು ಅದಕ್ಕಿಂತ ಹೆಚ್ಚು ಸಾಮಾನ್ಯ ಕಾರಣಗಳು. ಗಡಿನಾಡಿನ ಕನ್ನಡಿಗರಿಗೆ ಇನ್ನೊಂದು ತೊಡಕು: ಕಾಸರಗೋಡಿನಲ್ಲಿ ಮಲಯಾಳ, ಹೊಸೂರಿನಲ್ಲಿ ತಮಿಳು, ಸೊಲ್ಲಾಪುರದಲ್ಲಿ ಮರಾಠಿ ಮಾತಾಡುವ ವೈದ್ಯರೆದುರು ಮೈಯೊಳಗಿನ ಸೂಕ್ಷ್ಮ ಬಾಧೆಯನ್ನು ಹೇಳುವಾಗ ಮಾತು ಮೊಟಕಾಗುತ್ತದೆ, ‘ಸುಸ್ತು’ ಎಂಬ ಒಂದೇ ಪದದಲ್ಲಿ ಎಲ್ಲವೂ ಮುಗಿಯುತ್ತದೆ. ವೈದ್ಯರು ಕೇಳಬೇಕಾದ ಪ್ರಶ್ನೆಗಳು ನಿಗದಿಯಾಗಿವೆ; ಅವಕ್ಕೆ ಉತ್ತರವನ್ನು ಮನೆಯಲ್ಲೇ, ಬೇಕಾದರೆ ಮಕ್ಕಳ ಸಹಾಯದಿಂದ, ಬರೆದುಕೊಂಡು ಹೋಗಬಹುದು. ಮೂರು ತಿಂಗಳಿಗೂ ಹೆಚ್ಚು ಕಾಲ ಪ್ರತಿದಿನ ಕಣ್ಣು ಒಣಗಿ ಕಾಡುತ್ತಿದೆಯೇ, ಬಾಯಿ ಒಣಗುತ್ತಿದೆಯೇ? ಮರಳು ಬಿದ್ದ ಅನುಭವ ಮತ್ತೆ ಮತ್ತೆ ಆಗುತ್ತದೆಯೇ? ಕಣ್ಣಿಗೆ ಹನಿಯೌಷಧವನ್ನು ದಿನಕ್ಕೆ ಮೂರು ಬಾರಿಗಿಂತ ಹೆಚ್ಚು ಹಾಕಬೇಕಾಗುತ್ತದೆಯೇ? ಒಣ ಆಹಾರ ನುಂಗಲು ಆಗಾಗ ನೀರು ಬೇಕೇ? ಇವುಗಳಲ್ಲಿ ಒಂದಕ್ಕಾದರೂ ಹೌದು ಎಂಬ ಉತ್ತರವಿದ್ದರೆ ಕಣ್ಣೀರಿನ ಪರೀಕ್ಷೆ, ರೋ ಪ್ರತಿಕಾಯದ ರಕ್ತಪರೀಕ್ಷೆ, ಅಗತ್ಯವೆನಿಸಿದರೆ ತುಟಿಯ ಒಳಬದಿಯ ಪುಟ್ಟ ಗ್ರಂಥಿಯ ಪರೀಕ್ಷೆ ಇವೆ.

ಬೇಗ ಗುರುತಿಸುವುದರಲ್ಲಿ ಲಾಭವಿದೆ. ಬತ್ತಿದ ಗ್ರಂಥಿಯನ್ನು ಮರಳಿ ಚಿಗುರಿಸುವ ಮದ್ದು ಇಲ್ಲದಿದ್ದರೂ ಉಳಿದ ಗ್ರಂಥಿಯಿಂದ ಜೊಲ್ಲು ಸುರಿಸುವ ಪೈಲೋಕಾರ್ಪಿನ್ ಮಾತ್ರೆಯಿದೆ, ಕೃತಕ ಕಣ್ಣೀರಿದೆ, ಫ್ಲೋರೈಡ್ ಚಿಕಿತ್ಸೆಯಿಂದ ಹಲ್ಲುಗಳನ್ನು ಉಳಿಸಿಕೊಳ್ಳಬಹುದು. ರೋ ಪ್ರತಿಕಾಯವಿರುವ ಹೆಣ್ಣುಮಗಳು ಗರ್ಭಿಣಿಯಾದಾಗ ನೂರರಲ್ಲಿ ಒಂದೆರಡು ಶಿಶುಗಳ ಹೃದಯಬಡಿತ ನಿಧಾನವಾಗುವ ಅಪಾಯವಿದೆ. ಮೊದಲೇ ತಿಳಿದಿದ್ದರೆ ಐದಾರನೆಯ ತಿಂಗಳಲ್ಲಿ ನಿಗಾ ಇಡಬಹುದು. ನೂರು ರೋಗಿಗಳಲ್ಲಿ ಸುಮಾರು ಐವರಿಗೆ ಮುಂದೆ ಲಿಂಫೋಮಾ ಎಂಬ ಅರ್ಬುದ ಬರುತ್ತದೆ. ಕೆನ್ನೆಯ ಬಾವು ಇಳಿಯದೆ ಗಟ್ಟಿಯಾಗಿ ನಿಂತರೆ ತಡಮಾಡಬಾರದು ಎನ್ನುವುದು ಅದಕ್ಕೇ.

ಎಪ್‌ಸ್ಟೀನ್–ಬಾರ್ ವೈರಾಣುವಿಗೆ ಲಸಿಕೆ ಇನ್ನೂ ಬಂದಿಲ್ಲ. ಅಮೆರಿಕದಲ್ಲಿ ಮನುಷ್ಯರ ಮೇಲಿನ ಪ್ರಯೋಗಗಳು ಆರಂಭವಾಗಿವೆ. ಅದು ಕೈಗೂಡಿ, ಎಳೆಯ ಮಕ್ಕಳಿಗೆ ಸೋಂಕು ತಗಲುವ ಮೊದಲೇ ದೊರಕಿದರೆ, ಅದನ್ನು ಪಡೆದ ಪೀಳಿಗೆಯಲ್ಲಿ ಶೋಗ್ರೆನ್ ಕಡಿಮೆಯಾಯಿತೇ ಎಂದು ಎಣಿಸಿ ನೋಡಬಹುದು. ಕಾಯಿಲೆ ತಲೆದೋರುವುದು ನಲವತ್ತರ ಮೇಲೆ. ಹಾಗಾಗಿ ಆ ಎಣಿಕೆಯನ್ನು ಮುಗಿಸುವವರು ಬಹುಶಃ ಇಂದು ಪ್ರಾಥಮಿಕ ಶಾಲೆಯಲ್ಲಿ ಲಾಲಾಗ್ರಂಥಿಗಳ ಚಿತ್ರ ಬರೆಯುತ್ತಿರುವ ಮಕ್ಕಳು.